ಎಷ್ಟು ಮಾಡಿದರೆ ಸಾಕು?

1505ರ ಜುಲೈ 2. ಜರ್ಮನಿಯ ಎರ್‌ಫುರ್ಟ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದ 21 ವರ್ಷದ ಯುವಕನೊಬ್ಬ ತಂದೆ ತಾಯಿಯನ್ನು ನೋಡಿಕೊಂಡು ಊರಿನಿಂದ ಮರಳುತ್ತಿದ್ದ. ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ ಬರುವ ಹೊತ್ತಿಗೆ ಗುಡುಗು ಮಿಂಚು ಆರಂಭವಾಯಿತು. ಹತ್ತಿರದಲ್ಲೇ ಸಿಡಿಲು ಬಡಿಯಿತು. ಜೀವಭಯದಿಂದ ನಡುಗಿದ ಯುವಕ, ಗಣಿ ಕೆಲಸಗಾರರನ್ನು ಕಾಯುವವಳೆಂದು ಅಲ್ಲಿನ ಜನ ನಂಬಿದ್ದ ಸಂತ ಅನ್ನಾಳಿಗೆ ಹರಕೆ ಹೊತ್ತ. ಬದುಕಿ ಉಳಿದರೆ ಸನ್ಯಾಸಿಯಾಗುತ್ತೇನೆ ಎಂಬುದೇ ಆ ಹರಕೆ. ಹದಿನೈದು ದಿನಗಳಲ್ಲಿ ಅದನ್ನು ತೀರಿಸಿಯೂಬಿಟ್ಟ. ಮಗ ವಕೀಲನಾಗಿ ಮನೆತನಕ್ಕೆ ಹೆಸರು ತರುತ್ತಾನೆಂದು ಕನಸು ಕಂಡಿದ್ದ ತಂದೆ ಕೆಂಡಾಮಂಡಲವಾದ.

ಆ ಯುವಕನ ಹೆಸರು ಮಾರ್ಟಿನ್ ಲೂಥರ್. ಹೈಸ್ಕೂಲಿನ ಚರಿತ್ರೆ ಪುಸ್ತಕ ಓದಿದವರಿಗೆಲ್ಲ ಈತ ಪರಿಚಿತ. ಚರ್ಚಿನ ಭ್ರಷ್ಟಾಚಾರದ ವಿರುದ್ಧ ಬಂಡೆದ್ದವನು, ಪಾಪದ ಕ್ಷಮಾಪಣಾ ಪತ್ರಗಳ ಮಾರಾಟವನ್ನು ವಿರೋಧಿಸಿ 95 ವಾದಗಳ ಪಟ್ಟಿಯನ್ನು ಚರ್ಚಿನ ಬಾಗಿಲಿಗೆ ಹೊಡೆದವನು ಎಂದು ಪುಸ್ತಕ ಹೇಳುತ್ತದೆ. ಆದರೆ ಇದು ಅರ್ಧ ಕತೆ ಮಾತ್ರ. ಜಗಳ ಕೇವಲ ಹಣದ್ದಾಗಿದ್ದರೆ ಐವತ್ತು ವರ್ಷಗಳಲ್ಲಿ ಮುಗಿದುಹೋಗಬೇಕಿತ್ತು. ಹಣ ಪಡೆದು ಕ್ಷಮಾಪಣೆ ನೀಡುವ ಪದ್ಧತಿಯನ್ನು ಪೋಪ್ ಐದನೇ ಪಿಯುಸ್ 1567ರಲ್ಲಿ ರದ್ದುಪಡಿಸಿದರು. ಆದರೂ ಎರಡು ಪಂಗಡಗಳ ಪ್ರತಿನಿಧಿಗಳು ಒಂದೇ ಕಾಗದಕ್ಕೆ ಸಹಿ ಹಾಕಲು 1999ರವರೆಗೆ ಕಾಯಬೇಕಾಯಿತು.

ಇಷ್ಟು ಕಾಲ ಬಗೆಹರಿಯದೆ ಉಳಿದ ಪ್ರಶ್ನೆ ಬೇರೆಯದೇ ಆಗಿತ್ತು. ಪಾಪಿಯಾದ ಮನುಷ್ಯ ದೇವರಿಗೆ ಒಪ್ಪಿಗೆಯಾಗಬೇಕಾದರೆ ಎಷ್ಟು ಮಾಡಿದರೆ ಸಾಕು? ಎಷ್ಟು ಉಪವಾಸ, ಎಷ್ಟು ಪ್ರಾರ್ಥನೆ, ಎಷ್ಟು ದಾನ? ‘ಎಷ್ಟು ಮಾಡಿದರೂ ಸಾಲದು, ಮಾಡಬೇಕಾದ್ದೂ ಇಲ್ಲ, ರಕ್ಷಣೆ ಎಂಬುದು ದೇವರ ಕೃಪೆಯಿಂದ ಪುಕ್ಕಟೆಯಾಗಿ ದೊರೆಯುವಂಥದು, ಅದನ್ನು ನಂಬಿಕೆಯಿಂದ ಸ್ವೀಕರಿಸಬೇಕು ಅಷ್ಟೆ’ ಎಂಬ ಉತ್ತರ ಯೂರೋಪಿನ ಕ್ರೈಸ್ತ ಸಮಾಜವನ್ನು ಎರಡಾಗಿ ಸೀಳಿತು.

ನೇಮ ತಪ್ಪದ ಸನ್ಯಾಸಿ

ಲೂಥರ್ ಸೇರಿದ್ದು ಎರ್‌ಫುರ್ಟಿನ ಅಗಸ್ಟೀನಿಯನ್ ಮಠಕ್ಕೆ. ಅದು ಶಿಸ್ತಿಗೆ ಹೆಸರಾದ ಮಠ. ಅಲ್ಲಿ ಆತ ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ನೇಮ ಪಾಲಿಸಿದ. ಉಪವಾಸ ಮಾಡಿ ದೇಹ ದಂಡಿಸಿದ, ಚಳಿಯಲ್ಲಿ ನಡುಗಿದ, ರಾತ್ರಿ ಎದ್ದು ಪ್ರಾರ್ಥನೆ ಮಾಡಿದ. ಸನ್ಯಾಸದ ಕಟ್ಟುಪಾಡಿನಿಂದ ಯಾರಾದರೂ ಸ್ವರ್ಗ ಸೇರುವುದಾದರೆ ತಾನೂ ಸೇರಬೇಕಿತ್ತು ಎಂದು ಮುಂದೆ ಹೇಳಿಕೊಂಡಿದ್ದಾನೆ.

ಆದರೆ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ಗುರುವಿನ ಮುಂದೆ ಪಾಪನಿವೇದನೆಗೆ ಕುಳಿತರೆ ಗಂಟೆಗಟ್ಟಲೆ ನಡೆಯುತ್ತಿತ್ತು. ನಿವೇದಿಸಿ ಹೊರಗೆ ಬಂದ ಮೇಲೆ ಹೇಳಲು ಮರೆತದ್ದೊಂದು ನೆನಪಾಗುತ್ತಿತ್ತು. ಹೇಳದೆ ಉಳಿದ ಪಾಪಕ್ಕೆ ಕ್ಷಮೆ ಉಂಟೇ? ಪಾಪದ ಬಗ್ಗೆ ಪಟ್ಟ ಪಶ್ಚಾತ್ತಾಪ ನಿಜವಾದದ್ದೇ ಅಥವಾ ನರಕದ ಹೆದರಿಕೆಯೇ? ಇಂಥ ಪ್ರಶ್ನೆಗಳಿಂದ ಆತ ಕಂಗೆಟ್ಟುಹೋದ. ಮಠದ ಹಿರಿಯ ಯೋಹಾನ್ ಸ್ಟೌಪಿಟ್ಸ್‌ಗೆ ಈ ಶಿಷ್ಯನನ್ನು ಸಮಾಧಾನಪಡಿಸುವುದೇ ಒಂದು ಕೆಲಸವಾಯಿತು. ಕೊನೆಗೆ ಅವರು ಲೂಥರ್‌ನನ್ನು ವಿಟನ್‌ಬರ್ಗ್ ಎಂಬ ಸಣ್ಣ ಪಟ್ಟಣದ ಹೊಸ ವಿಶ್ವವಿದ್ಯಾಲಯದಲ್ಲಿ ಬೈಬಲ್ ಪಾಠ ಹೇಳಲು ಹಚ್ಚಿದರು. 1512ರಲ್ಲಿ ಆತ ದೇವತಾಶಾಸ್ತ್ರದ ಡಾಕ್ಟರ್ ಪದವಿ ಪಡೆದ.

ಅದಕ್ಕೂ ಮುಂಚೆ, 1510–11ರ ಚಳಿಗಾಲದ ಸುಮಾರಿಗೆ, ಮಠದ ಕೆಲಸದ ಮೇಲೆ ರೋಮ್‌ಗೆ ಹೋಗಿಬಂದಿದ್ದ. ಯೇಸು ವಿಚಾರಣೆಗೆ ಹತ್ತಿದನೆಂದು ನಂಬಲಾದ 28 ಮೆಟ್ಟಿಲುಗಳ ಪವಿತ್ರ ಸೋಪಾನ ಅಲ್ಲಿದೆ. ಭಕ್ತರು ಅದನ್ನು ಮೊಣಕಾಲಿನ ಮೇಲೆ ಹತ್ತುತ್ತಾರೆ. ಸತ್ತುಹೋದ ಅಜ್ಜನ ಆತ್ಮಕ್ಕೆ ಸದ್ಗತಿ ಸಿಗಲೆಂದು ಲೂಥರ್ ಕೂಡ ಮೆಟ್ಟಿಲಿಗೊಂದು ಪ್ರಾರ್ಥನೆ ಹೇಳುತ್ತ ಹತ್ತಿದ. ತುದಿ ಮುಟ್ಟಿದಾಗ, ಇದೆಲ್ಲ ನಿಜವೋ ಅಲ್ಲವೋ ಯಾರಿಗೆ ಗೊತ್ತು ಎಂಬ ಸಂಶಯ ಸುಳಿಯಿತಂತೆ. ಇದನ್ನು ಆತ ನೆನಪಿಸಿಕೊಂಡದ್ದು ಮುಪ್ಪಿನಲ್ಲಿ.

ಪಾಪ ಪುಣ್ಯದ ಖಾತೆ

ಲೂಥರ್‌ನ ಸಂಕಟ ಅರ್ಥವಾಗಬೇಕಾದರೆ ಆ ಕಾಲದ ಧಾರ್ಮಿಕ ಲೆಕ್ಕಾಚಾರ ತಿಳಿದಿರಬೇಕು. ಪಾಪನಿವೇದನೆ ಮಾಡಿದವನ ಅಪರಾಧವನ್ನು ದೇವರು ಕ್ಷಮಿಸುತ್ತಾನೆ. ಆದರೆ ಪಾಪಕ್ಕೆ ಸಲ್ಲಬೇಕಾದ ಶಿಕ್ಷೆಯ ಒಂದಂಶ ಉಳಿದೇ ಇರುತ್ತದೆ ಎಂದು ಚರ್ಚು ಬೋಧಿಸುತ್ತಿತ್ತು. ಅದನ್ನು ಬದುಕಿರುವಾಗ ಪ್ರಾಯಶ್ಚಿತ್ತದಿಂದ ತೀರಿಸಬೇಕು. ಬಾಕಿ ಉಳಿದರೆ ಸತ್ತ ಮೇಲೆ ‘ಶುದ್ಧೀಕರಣ ಸ್ಥಳ’ದಲ್ಲಿ ಬೇಗೆ ಅನುಭವಿಸಿ ತೀರಿಸಬೇಕು. ಅದು ನರಕವಲ್ಲ, ಸ್ವರ್ಗಕ್ಕೆ ಹೋಗುವ ಮುನ್ನ ಕಾಯಬೇಕಾದ ತಾಣ.

ಇಲ್ಲಿ ಚರ್ಚು ಸಹಾಯಕ್ಕೆ ಬರುತ್ತದೆ. ಕ್ರಿಸ್ತನೂ ಸಂತರೂ ಗಳಿಸಿಟ್ಟ ಪುಣ್ಯದ ಭಂಡಾರವೊಂದಿದೆ, ಅದರಿಂದ ತೆಗೆದು ಹಂಚುವ ಅಧಿಕಾರ ತನಗಿದೆ ಎಂದು 1343ರಲ್ಲಿ ಪೋಪ್ ಆರನೇ ಕ್ಲೆಮೆಂಟ್ ಸಾರಿದರು. ಹೀಗೆ ಶಿಕ್ಷೆಯನ್ನು ಕಡಿಮೆ ಮಾಡುವ ವಿನಾಯಿತಿಯೇ ಕ್ಷಮಾಪಣೆ. ಅದಕ್ಕೆ ಬದಲಾಗಿ ಭಕ್ತ ಯಾತ್ರೆ, ಪ್ರಾರ್ಥನೆ ಅಥವಾ ದಾನ ಮಾಡಬೇಕು. 1476ರಲ್ಲಿ ಪೋಪ್ ನಾಲ್ಕನೇ ಸಿಕ್ಸ್‌ಟಸ್ ಈ ಸೌಲಭ್ಯವನ್ನು ಸತ್ತವರಿಗೂ ವಿಸ್ತರಿಸಿದರು. ಅಂದರೆ ತೀರಿಹೋದ ತಾಯಿಯ ಹೆಸರಿನಲ್ಲಿ ಮಗ ಪತ್ರ ಪಡೆಯಬಹುದಾಯಿತು. ಯಾವ ಮಗ ತಾನೇ ಬೇಡ ಎಂದಾನು?

ಈ ಲೆಕ್ಕದಲ್ಲಿ ವಿಟನ್‌ಬರ್ಗ್ ಕೂಡ ಹಿಂದೆ ಬಿದ್ದಿರಲಿಲ್ಲ. ಲೂಥರ್‌ನನ್ನು ಮುಂದೆ ಕಾಪಾಡಿದ ಸ್ಯಾಕ್ಸನಿಯ ದೊರೆ ಫ್ರೆಡರಿಕ್‌ನೇ ಸಂತರ ಎಲುಬು, ಬಟ್ಟೆಯ ಚೂರು ಮುಂತಾದ 19 ಸಾವಿರಕ್ಕೂ ಹೆಚ್ಚು ಪವಿತ್ರ ಅವಶೇಷಗಳನ್ನು 1520ರ ವೇಳೆಗೆ ತನ್ನ ಕೋಟೆಯ ಚರ್ಚಿನಲ್ಲಿ ಕೂಡಿಹಾಕಿದ್ದ. ಅವನ್ನು ಕ್ರಮವಾಗಿ ದರ್ಶನ ಮಾಡಿದವರಿಗೆ ಶುದ್ಧೀಕರಣ ಸ್ಥಳದಲ್ಲಿ ಲಕ್ಷಾಂತರ ವರ್ಷಗಳ ವಿನಾಯಿತಿ ಸಿಗುತ್ತದೆಂದು ಲೆಕ್ಕ ಹಾಕಲಾಗಿತ್ತು.

ಸಾಲ ತೀರಿಸಲು ಬಂದ ಕ್ಷಮೆ

1514ರಲ್ಲಿ ಬ್ರಾಂಡೆನ್‌ಬರ್ಗ್ ರಾಜಮನೆತನದ ಆಲ್ಬರ್ಟ್ ಎಂಬಾತ ಮೈಂಟ್ಸ್‌ನ ಆರ್ಚ್‌ಬಿಷಪ್ ಆದ. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಆಗಲೇ ಆತ ಮಾಗ್ಡೆಬರ್ಗ್‌ನ ಆರ್ಚ್‌ಬಿಷಪ್ ಆಗಿದ್ದ. ಒಬ್ಬನೇ ಎರಡು ಪೀಠ ಏರಲು ರೋಮ್‌ನ ವಿಶೇಷ ಅನುಮತಿ ಬೇಕು, ಅದಕ್ಕೆ ದೊಡ್ಡ ಮೊತ್ತ ತೆರಬೇಕು. ಔಗ್ಸ್‌ಬರ್ಗ್‌ನ ಫುಗ್ಗರ್ ಎಂಬ ಶ್ರೀಮಂತ ಲೇವಾದೇವಿ ಮನೆತನದಿಂದ ಆತ ಸಾಲ ಎತ್ತಿದ. ಸಾಲ ತೀರಿಸುವ ದಾರಿಯನ್ನು ರೋಮ್ ತೋರಿಸಿತು. ಸಂತ ಪೀಟರ್ ಮಹಾಮಂದಿರದ ನಿರ್ಮಾಣಕ್ಕೆಂದು ಘೋಷಿಸಿದ್ದ ಕ್ಷಮಾಪಣೆಯನ್ನು ಆಲ್ಬರ್ಟ್ ತನ್ನ ಪ್ರಾಂತಗಳಲ್ಲಿ ವಿತರಿಸಬಹುದು. ಬಂದ ಹಣದಲ್ಲಿ ಅರ್ಧ ಮಂದಿರಕ್ಕೆ, ಅರ್ಧ ಫುಗ್ಗರ್ ಸಾಲಕ್ಕೆ. ಪತ್ರ ಕೊಳ್ಳುವ ಬಡವನಿಗೆ ಈ ಎರಡನೆಯ ಅರ್ಧದ ವಿಷಯ ಗೊತ್ತಿರಲಿಲ್ಲ.

ಪ್ರಚಾರದ ಹೊಣೆ ಹೊತ್ತವನು ಯೋಹಾನ್ ಟೆಟ್ಸೆಲ್ ಎಂಬ ಡೊಮಿನಿಕನ್ ಸನ್ಯಾಸಿ. ಪೆಟ್ಟಿಗೆಗೆ ನಾಣ್ಯ ಬಿದ್ದು ಸದ್ದಾದ ಕೂಡಲೇ ಆತ್ಮ ಮೇಲಕ್ಕೆ ಹಾರುತ್ತದೆ ಎಂಬ ಅರ್ಥದ ಮಾತು ಪತ್ರ ಹಂಚುವವರ ಬಾಯಲ್ಲಿ ಓಡಾಡುತ್ತಿತ್ತು. ದೊರೆ ಫ್ರೆಡರಿಕ್ ತನ್ನ ಸೀಮೆಯೊಳಗೆ ಟೆಟ್ಸೆಲ್‌ನನ್ನು ಬಿಟ್ಟುಕೊಳ್ಳಲಿಲ್ಲ. ಆದರೆ ವಿಟನ್‌ಬರ್ಗ್‌ನ ಜನ ಗಡಿಯಾಚೆಯ ಊರುಗಳಿಗೆ ಹೋಗಿ ಪತ್ರ ಕೊಂಡು ತಂದರು. ಪಾಪನಿವೇದನೆಗೆ ಬಂದಾಗ, ತಿದ್ದಿಕೊಳ್ಳುವ ಮಾತೇ ಇಲ್ಲದೆ, ಪತ್ರ ಮುಂದೆ ಹಿಡಿದರು. ಅದನ್ನು ಕಂಡ ಲೂಥರ್ ಕೆರಳಿದ. ಎಷ್ಟು ಮಾಡಿದರೂ ನೆಮ್ಮದಿ ಕಾಣದವನ ಮುಂದೆ ಅಗ್ಗದಲ್ಲಿ ನೆಮ್ಮದಿ ಕೊಂಡವರು ನಿಂತಿದ್ದರು.

1517ರ ಅಕ್ಟೋಬರ್ 31ರಂದು ಆತ ಆರ್ಚ್‌ಬಿಷಪ್ ಆಲ್ಬರ್ಟ್‌ಗೆ ವಿನಯದ ಪತ್ರ ಬರೆದು, ಲ್ಯಾಟಿನ್ ಭಾಷೆಯ 95 ವಾದಗಳನ್ನು ಅದರೊಂದಿಗೆ ಕಳುಹಿಸಿದ. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಪ್ರಸಂಗ ನಡೆಯಿತೇ ಇಲ್ಲವೇ ಎಂಬ ಬಗ್ಗೆ 1961ರಿಂದ ಇತಿಹಾಸಕಾರರಲ್ಲಿ ಚರ್ಚೆಯಿದೆ; ಪತ್ರದ ಬಗ್ಗೆ ಅನುಮಾನವಿಲ್ಲ. ಪಶ್ಚಾತ್ತಾಪ ಎಂಬುದು ಒಂದು ದಿನದ ವಿಧಿಯಲ್ಲ, ಇಡೀ ಬದುಕಿನ ನಡೆ ಎಂಬುದು ಮೊದಲ ವಾದ. ಶುದ್ಧೀಕರಣ ಸ್ಥಳದಿಂದ ಆತ್ಮಗಳನ್ನು ಬಿಡಿಸುವ ಅಧಿಕಾರ ಪೋಪ್‌ಗೆ ಇದ್ದರೆ, ಹಣಕ್ಕೆ ಬದಲು ಬರೀ ಪ್ರೀತಿಯಿಂದ ಎಲ್ಲರನ್ನೂ ಏಕೆ ಬಿಡಿಸಬಾರದು ಎಂದು ಸಾಮಾನ್ಯ ಜನ ಕೇಳಿದರೆ ಏನು ಹೇಳುವುದು ಎಂಬುದು ಇನ್ನೊಂದು.

ಮುದ್ರಣಯಂತ್ರ ಬಂದ ಹೊಸತರಲ್ಲಿ, 1454ರಷ್ಟು ಹಿಂದೆಯೇ, ಹೆಸರು ತುಂಬಲು ಜಾಗ ಬಿಟ್ಟ ಕ್ಷಮಾಪಣಾ ಪತ್ರಗಳು ಅಚ್ಚಾಗಿದ್ದವು. ಅದೇ ಯಂತ್ರ ಈಗ ಲೂಥರ್‌ನ ವಾದಗಳನ್ನು ಕೆಲವೇ ವಾರಗಳಲ್ಲಿ ಜರ್ಮನಿಯ ಉದ್ದಗಲಕ್ಕೆ ಹರಡಿತು.

ಪೌಲನ ಕಾಲದ ಜಗಳ

ಈ ವಾದಗಳಲ್ಲಿ ‘ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ’ ಎಂಬ ಬೋಧನೆ ಇನ್ನೂ ಪೂರ್ಣ ರೂಪ ಪಡೆದಿರಲಿಲ್ಲ. ಆದರೆ ಅದರ ಬೀಜ ಲೂಥರ್‌ನ ಪಾಠದ ಟಿಪ್ಪಣಿಗಳಲ್ಲಿತ್ತು. 1515–16ರಲ್ಲಿ ಆತ ವಿದ್ಯಾರ್ಥಿಗಳಿಗೆ ಹೇಳಿದ ಪಾಠ, ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೇಲಿನದು.

ಪೌಲ ಈ ಪತ್ರ ಬರೆದದ್ದು ಕ್ರಿ.ಶ. 57ರ ಸುಮಾರಿಗೆ. ಆತ ಯೆಹೂದಿ, ಧರ್ಮಶಾಸ್ತ್ರವನ್ನು ನಿಷ್ಠೆಯಿಂದ ಪಾಲಿಸುವ ಫರಿಸಾಯರ ಪಂಥದವನು. ಮೊದಲು ಯೇಸುವಿನ ಅನುಯಾಯಿಗಳನ್ನು ಹಿಂಸಿಸಿ, ನಂತರ ತಾನೇ ಅನುಯಾಯಿಯಾದವನು. ಆ ಹೊತ್ತಿಗೆ ಗ್ರೀಕರೇ ಮೊದಲಾದ ಅನ್ಯಜನರು ಯೇಸುವನ್ನು ನಂಬತೊಡಗಿದ್ದರು. ಅವರು ಸುನ್ನತಿ ಮಾಡಿಸಿಕೊಳ್ಳಬೇಕೇ? ಯೆಹೂದಿಗಳ ಆಹಾರ ನಿಯಮ ಪಾಲಿಸಬೇಕೇ? ಅವರೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದೇ? ಅಂತಿಯೋಕ್ಯದಲ್ಲಿ ಈ ಊಟದ ಪ್ರಶ್ನೆಯ ಮೇಲೆಯೇ ಪೌಲನಿಗೂ ಹಿರಿಯ ಶಿಷ್ಯ ಪೇತ್ರನಿಗೂ ಎದುರೆದುರೇ ಮಾತಾಯಿತು. ಪಂಕ್ತಿಭೇದದ ನೋವು ಬಲ್ಲ ಭಾರತೀಯ ಓದುಗರಿಗೆ ಇದರ ಬಿಸಿ ವಿವರಿಸಬೇಕಾಗಿಲ್ಲ.

ಪೌಲನ ವಾದ ಸರಳ. ಯೆಹೂದಿಗಳ ಮೂಲಪುರುಷ ಅಬ್ರಹಾಮ ದೇವರ ಮಾತನ್ನು ನಂಬಿದ. ದೇವರು ಅದನ್ನೇ ನೀತಿ ಎಂದು ಎಣಿಸಿದ. ಆಗ ಅಬ್ರಹಾಮನಿಗೆ ಸುನ್ನತಿ ಆಗಿರಲಿಲ್ಲ, ಧರ್ಮಶಾಸ್ತ್ರ ಇನ್ನೂ ಬಂದಿರಲಿಲ್ಲ. ಹಾಗಿದ್ದ ಮೇಲೆ ಆಚರಣೆಯನ್ನು ಬಾಗಿಲಲ್ಲಿ ಅಡ್ಡ ಇಡುವುದೇಕೆ? ಕೆಲಸ ಮಾಡಿದವನಿಗೆ ಕೊಡುವುದು ಕೂಲಿ. ದೇವರು ಕೊಡುವುದು ಕೂಲಿಯಲ್ಲ, ದಾನ.

ನಾಲ್ಕು ಶತಮಾನಗಳ ಬಳಿಕ ಇದೇ ವಿಷಯ ಮತ್ತೆ ಕೆದರಿತು. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂದು ಪೆಲಾಗಿಯಸ್ ಎಂಬ ಸನ್ಯಾಸಿಯೂ ಅವನ ಅನುಯಾಯಿಗಳೂ ಹೇಳಿದರು. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್, ಹಾಗೆ ಮನಸ್ಸು ಮಾಡುವುದಕ್ಕೂ ಕೃಪೆ ಬೇಕು ಎಂದ. ಕ್ರಿ.ಶ. 418ರ ಕಾರ್ತೇಜ್ ಸಭೆ ಪೆಲಾಗಿಯಸ್‌ನ ಬೋಧನೆಯನ್ನು ತಿರಸ್ಕರಿಸಿತು. ಎಂದರೆ ಕೃಪೆಯ ಮಾತು ಲೂಥರ್ ಹೊಸದಾಗಿ ಹುಟ್ಟಿಸಿದ್ದಲ್ಲ. ಅವನು ಸೇರಿದ ಮಠದ ಹೆಸರಿನಲ್ಲೇ ಅಗಸ್ಟೀನ್ ಇದ್ದ.

ಒಂದು ಪದದ ಅರ್ಥ

ಲೂಥರ್‌ಗೆ ತೊಡಕಾಗಿದ್ದು ಪೌಲನ ಪತ್ರದ ಮೊದಲ ಅಧ್ಯಾಯದಲ್ಲಿ ಬರುವ ‘ದೇವರ ನೀತಿ’ ಎಂಬ ಮಾತು. ದೇವರು ನೀತಿವಂತ, ಆದ್ದರಿಂದ ಪಾಪಿಗಳನ್ನು ದಂಡಿಸುತ್ತಾನೆ ಎಂದು ಆತ ಕಲಿತಿದ್ದ. ಆ ಪದವನ್ನು ಕಂಡರೆ ದ್ವೇಷ ಹುಟ್ಟುತ್ತಿತ್ತು ಎಂದು 1545ರಲ್ಲಿ, ಸಾಯುವ ಹಿಂದಿನ ವರ್ಷ, ಬರೆದಿದ್ದಾನೆ. ಹಗಲೂ ರಾತ್ರಿ ಯೋಚಿಸಿದ ಮೇಲೆ ಬೇರೆ ಅರ್ಥ ಹೊಳೆಯಿತು. ಅದು ದೇವರು ಮನುಷ್ಯನಿಂದ ಕೇಳುವ ನೀತಿಯಲ್ಲ, ಮನುಷ್ಯನಿಗೆ ಕೊಡುವ ನೀತಿ. ಇಲ್ಲದವನಿಗೆ ಉಡಿಸುವ ಬಟ್ಟೆಯ ಹಾಗೆ. ಸ್ವರ್ಗದ ಬಾಗಿಲು ತೆರೆದಂತಾಯಿತು ಎಂಬುದು ಅವನ ನೆನಪು.

1520ರಲ್ಲಿ ಬರೆದ ಕ್ರೈಸ್ತನ ಸ್ವಾತಂತ್ರ್ಯದ ಕುರಿತ ಕಿರುಪುಸ್ತಕದಲ್ಲಿ ಆತ ಇದನ್ನು ಮದುವೆಗೆ ಹೋಲಿಸಿದ. ಸಿರಿವಂತ ವರ ಗತಿಯಿಲ್ಲದ ಹೆಣ್ಣನ್ನು ಮದುವೆಯಾದರೆ ಅವಳ ಸಾಲವೆಲ್ಲ ಅವನದಾಗುತ್ತದೆ, ಅವನ ಆಸ್ತಿಯೆಲ್ಲ ಅವಳದಾಗುತ್ತದೆ. ನಂಬಿಕೆ ಎಂದರೆ ಆ ಮದುವೆಯ ಉಂಗುರ. ಇಲ್ಲಿ ನಂಬಿಕೆ ಎಂದರೆ ದೇವರು ಇದ್ದಾನೆಂದು ಒಪ್ಪುವುದಷ್ಟೇ ಅಲ್ಲ. ಕನ್ನಡದಲ್ಲಿ ‘ಅವರನ್ನು ನಂಬಿ ಬಂದಿದ್ದೇನೆ’ ಎನ್ನುತ್ತೇವಲ್ಲ, ಆ ಅರ್ಥದ ಭರವಸೆ.

ರೋಮ್ ಸುಮ್ಮನಿರಲಿಲ್ಲ. 1521ರ ಜನವರಿಯಲ್ಲಿ ಲೂಥರ್‌ನನ್ನು ಚರ್ಚಿನಿಂದ ಬಹಿಷ್ಕರಿಸಲಾಯಿತು. ಏಪ್ರಿಲ್‌ನಲ್ಲಿ ವರ್ಮ್ಸ್ ನಗರದ ಮಹಾಸಭೆಯಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಎದುರು, ಬರೆದದ್ದನ್ನು ಹಿಂದಕ್ಕೆ ಪಡೆಯಲು ಆತ ನಿರಾಕರಿಸಿದ. ದೊರೆ ಫ್ರೆಡರಿಕ್ ಗುಟ್ಟಾಗಿ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿಸಿಟ್ಟ. ಅಲ್ಲಿ ಕುಳಿತು ಆತ ಹೊಸ ಒಡಂಬಡಿಕೆಯನ್ನು ಗ್ರೀಕ್‌ನಿಂದ ಜರ್ಮನ್‌ಗೆ ತಂದ; 1522ರ ಸೆಪ್ಟೆಂಬರ್‌ನಲ್ಲಿ ಅದು ಅಚ್ಚಾಯಿತು. ಮನುಷ್ಯ ನಂಬಿಕೆಯಿಂದ ನೀತಿವಂತನೆನಿಸುತ್ತಾನೆ ಎಂದು ಪೌಲ ಹೇಳಿದ ಕಡೆ ಲೂಥರ್ ‘ಮಾತ್ರ’ ಎಂಬ ಪದ ಸೇರಿಸಿದ: ನಂಬಿಕೆಯಿಂದ ಮಾತ್ರ. ಮೂಲದಲ್ಲಿ ಆ ಪದವಿಲ್ಲ ಎಂದು ವಿರೋಧಿಗಳು ಹಿಡಿದುಕೊಂಡರು. ಇಲ್ಲವೆಂಬುದು ತನಗೂ ಗೊತ್ತು, ಆದರೆ ವಾಕ್ಯದ ಅರ್ಥ ಅದನ್ನು ಕೇಳುತ್ತದೆ, ಜರ್ಮನ್ ಆಡುಮಾತೂ ಕೇಳುತ್ತದೆ ಎಂದು 1530ರಲ್ಲಿ ಆತ ಉತ್ತರ ಕೊಟ್ಟ.

ಹಾಗಾದರೆ ಒಳ್ಳೆಯದನ್ನು ಏಕೆ ಮಾಡಬೇಕು?

ಈ ಬೋಧನೆ ಕೇಳಿದ ಯಾರಿಗೂ ಹುಟ್ಟುವ ಪ್ರಶ್ನೆ ಇದು. ಪುಕ್ಕಟೆ ಸಿಗುವುದಾದರೆ ಕಷ್ಟಪಡುವುದೇಕೆ? ಬೈಬಲ್‌ನೊಳಗೇ ಇದಕ್ಕೆ ಆಧಾರವಿದೆ. ಯಾಕೋಬನ ಪತ್ರ ಅದೇ ಅಬ್ರಹಾಮನ ಉದಾಹರಣೆ ಕೊಟ್ಟು, ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲ ಎಂದು ವಾದಿಸುತ್ತದೆ. ಲೂಥರ್‌ಗೆ ಈ ಪತ್ರ ರುಚಿಸಲಿಲ್ಲ; ಹುಲ್ಲಿಗೆ ಹೋಲಿಸಿ ಹಗುರವಾಗಿ ಮಾತಾಡಿದ. ಆದರೆ ಬೈಬಲ್‌ನಿಂದ ಅದನ್ನು ತೆಗೆಯಲಿಲ್ಲ.

ಅವನ ಉತ್ತರ ಹೀಗಿತ್ತು: ಹಣ್ಣು ಬಿಡುವುದರಿಂದ ಮರ ಒಳ್ಳೆಯದಾಗುವುದಿಲ್ಲ, ಮರ ಒಳ್ಳೆಯದಾಗಿದ್ದರೆ ಒಳ್ಳೆಯ ಹಣ್ಣು ಬಿಡುತ್ತದೆ. ದೇವರಿಗೆ ಮನುಷ್ಯನ ಸತ್ಕಾರ್ಯ ಬೇಕಿಲ್ಲ, ನೆರೆಯವನಿಗೆ ಬೇಕು. ತನ್ನ ಪುಣ್ಯದ ಲೆಕ್ಕಕ್ಕಾಗಿ ಬಡವನಿಗೆ ಕೊಟ್ಟರೆ ಬಡವ ಅಲ್ಲಿ ಬರೀ ಮೆಟ್ಟಿಲು. ಲೆಕ್ಕವೇ ಇಲ್ಲವೆಂದಾದಾಗ ಮಾತ್ರ ಬಡವನ ಹಸಿವು ಕಣ್ಣಿಗೆ ಬೀಳುತ್ತದೆ.

ಇದು ಬರೀ ಮಾತಾಗಿ ಉಳಿಯಲಿಲ್ಲ. ಆವರೆಗೆ ಭಿಕ್ಷುಕನಿಗೆ ಕೊಡುವುದು ಕೊಡುವವನ ಪುಣ್ಯವಾಗಿತ್ತು. 1522ರಲ್ಲಿ ವಿಟನ್‌ಬರ್ಗ್, 1523ರಲ್ಲಿ ಲೈಸ್ನಿಗ್ ಎಂಬ ಪಟ್ಟಣ ಭಿಕ್ಷಾಟನೆಗೆ ತಡೆ ಹಾಕಿ, ‘ಸಾರ್ವಜನಿಕ ಪೆಟ್ಟಿಗೆ’ ಸ್ಥಾಪಿಸಿದವು. ಚರ್ಚಿನ ಆದಾಯ ಅದಕ್ಕೆ ಸೇರಿತು. ರೋಗಿಗಳಿಗೆ, ಅನಾಥರಿಗೆ, ವೃದ್ಧರಿಗೆ ಅದರಿಂದ ನೆರವು ಕೊಡುವುದು ಊರಿನ ಹೊಣೆಯಾಯಿತು. ಕ್ಯಾಥೊಲಿಕ್ ನಗರಗಳೂ ಆ ಕಾಲದಲ್ಲಿ ಇಂಥ ಸುಧಾರಣೆಗೆ ಕೈಹಾಕಿದ್ದವು. ಚಮ್ಮಾರನ ಕೆಲಸ, ಮಗುವನ್ನು ಸಾಕುವ ತಾಯಿಯ ಕೆಲಸ ಸನ್ಯಾಸಿಯ ಜಪಕ್ಕಿಂತ ಕೀಳಲ್ಲ ಎಂಬ ಭಾವನೆಯೂ ಬೆಳೆಯಿತು. ಮಠಗಳು ಬರಿದಾದವು. 1525ರಲ್ಲಿ ಲೂಥರ್ ಮಠ ಬಿಟ್ಟು ಬಂದಿದ್ದ ಕಥರೀನಾ ಫಾನ್ ಬೋರಾಳನ್ನು ಮದುವೆಯಾದ.

ಆದರೆ ಅದೇ ವರ್ಷ ಈ ಬೋಧನೆಯ ಇನ್ನೊಂದು ಮುಖವೂ ಕಂಡಿತು. ದೇವರ ಮುಂದೆ ಎಲ್ಲರೂ ಸ್ವತಂತ್ರರಾದರೆ ಜೀತವೇಕೆ ಎಂದು ಜರ್ಮನಿಯ ರೈತರು ದಂಗೆಯೆದ್ದರು. ಲೂಥರ್ ಆರಂಭದಲ್ಲಿ ದೊರೆಗಳನ್ನೂ ಗದರಿಸಿದ. ಹಿಂಸೆ ಹೆಚ್ಚಿದಾಗ ದಂಗೆಕೋರರನ್ನು ನಿರ್ದಯವಾಗಿ ಹತ್ತಿಕ್ಕಲು ಕರೆ ಕೊಟ್ಟ. ಸುಮಾರು ಒಂದು ಲಕ್ಷದವರೆಗೆ ರೈತರು ಸತ್ತಿರಬಹುದೆಂಬ ಅಂದಾಜಿದೆ. ತಾನು ಹೇಳಿದ ಸ್ವಾತಂತ್ರ್ಯ ಆತ್ಮದ್ದು, ಹೊಲಗದ್ದೆಯದಲ್ಲ ಎಂಬುದು ಅವನ ನಿಲುವು. ಬಡವರಿಗೆ ಅದು ವಂಚನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನೂ ಕಹಿಯಾದದ್ದು ಯೆಹೂದಿಗಳ ವಿಷಯ. 1543ರಲ್ಲಿ ಆತ ಅವರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಬರೆದ. ಲೂಥರ್‌ನ ಅನುಯಾಯಿಗಳ ಬರಹಗಳಲ್ಲಿ ಯೆಹೂದಿ ಧರ್ಮ ಎಂದರೆ ಬರೀ ಆಚರಣೆಯಿಂದ ಸ್ವರ್ಗ ಗಳಿಸುವ ಧರ್ಮ ಎಂಬ ಚಿತ್ರ ಶತಮಾನಗಳ ಕಾಲ ಉಳಿಯಿತು. ಇದು ತಪ್ಪು ಎಂದು ಅಮೆರಿಕದ ವಿದ್ವಾಂಸ ಇ.ಪಿ. ಸ್ಯಾಂಡರ್ಸ್ 1977ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಯೆಹೂದಿಗಳಿಗೂ ಮೊದಲು ಬರುವುದು ದೇವರು ತಾನಾಗಿ ಮಾಡಿಕೊಂಡ ಒಡಂಬಡಿಕೆ. ಧರ್ಮಶಾಸ್ತ್ರದ ಪಾಲನೆ ಅದಕ್ಕೆ ಕೊಡುವ ಪ್ರತಿಸ್ಪಂದನ ಎಂಬುದು ಅವರ ವಾದದ ಸಾರ. ಕೃಪೆ ಯಾವ ಒಂದು ಮತದ ಸೊತ್ತೂ ಅಲ್ಲ ಎಂಬ ಅರಿವು ಹೀಗೆ ತಡವಾಗಿ ಬಂತು.

ಕೈತಪ್ಪಿದ ಒಪ್ಪಂದ

1541ರಲ್ಲಿ ಈ ಜಗಳ ಮುಗಿಯುವ ಸೂಚನೆ ಕಂಡಿತ್ತು. ರೇಗನ್ಸ್‌ಬರ್ಗ್ ನಗರದಲ್ಲಿ ಎರಡೂ ಕಡೆಯ ಪಂಡಿತರು ಕುಳಿತು ಮಾತನಾಡಿದರು. ಪೋಪ್‌ನ ಪ್ರತಿನಿಧಿಯಾಗಿ ಬಂದಿದ್ದ ಕಾರ್ಡಿನಲ್ ಕೊಂಟರೀನಿಗೆ ಕೃಪೆಯ ವಿಚಾರದಲ್ಲಿ ಸಹಾನುಭೂತಿಯಿತ್ತು. ಲೂಥರ್‌ನ ಗೆಳೆಯ ಮೆಲಾಂಕ್ತನ್ ಇನ್ನೊಂದು ಕಡೆ. ನಂಬಿಕೆಯ ಮೂಲಕ ನೀತಿವಂತರಾಗುವ ವಿಷಯದಲ್ಲಿ ಅವರು ಒಂದು ಕರಡಿಗೂ ಒಪ್ಪಿದರು. ಆದರೆ ಪ್ರಭುಭೋಜನ, ಚರ್ಚಿನ ಅಧಿಕಾರ ಮುಂತಾದ ವಿಷಯಗಳಲ್ಲಿ ಮಾತುಕತೆ ಮುರಿಯಿತು. ಆ ಕರಡನ್ನು ರೋಮ್ ಒಪ್ಪಲಿಲ್ಲ, ಲೂಥರ್ ಕೂಡ ಒಪ್ಪಲಿಲ್ಲ.

ಮುಂದೆ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ತನ್ನ ತೀರ್ಮಾನ ಪ್ರಕಟಿಸಿತು. ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಯಾರೂ ರಕ್ಷಣೆ ಪಡೆಯಲಾರರು ಎಂದೇ ಅದು ಮೊದಲಿಗೆ ಹೇಳುತ್ತದೆ. ಇದನ್ನು ಅನೇಕರು ಮರೆಯುತ್ತಾರೆ. ಆದರೆ ಮನುಷ್ಯನ ಇಚ್ಛೆ ಕೃಪೆಯೊಂದಿಗೆ ಕೈಜೋಡಿಸಬೇಕು, ನಂಬಿಕೆಯ ಜೊತೆ ಪ್ರೀತಿಯೂ ಇರಬೇಕು, ‘ನಂಬಿಕೆ ಮಾತ್ರ’ ಸಾಲದು ಎಂದು ಸಾರಿ, ಬೇರೆ ರೀತಿ ಬೋಧಿಸುವವರಿಗೆ ಶಾಪ ಹಾಕಿತು. ಲೂಥರನರೂ ತಮ್ಮ ಕಡೆಯಿಂದ ಖಂಡನೆ ಬರೆದರು. ನಂತರದ್ದು ಯುದ್ಧಗಳ ಕಾಲ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧಕ್ಕೆ ರಾಜಕೀಯ ಕಾರಣಗಳು ಬೇಕಾದಷ್ಟಿದ್ದವು. ಆದರೆ ಗಡಿಗೆರೆ ಎಳೆದುಕೊಟ್ಟದ್ದು ಮತಭೇದ.

ಮಂಗಳೂರಿಗೆ ಬಂದ ಎರಡು ಪದಗಳು

ಈ ಗಡಿಗೆರೆ ಹಡಗು ಹತ್ತಿ ಭಾರತಕ್ಕೂ ಬಂತು. ಗೋವಾದಿಂದ ವಲಸೆ ಬಂದ ಕೊಂಕಣಿ ಮಾತಿನ ಕ್ಯಾಥೊಲಿಕರು ಬಹಳ ಹಿಂದೆಯೇ ಕರಾವಳಿಯಲ್ಲಿ ನೆಲೆಸಿದ್ದರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಅದರ ಬೇರು ಜರ್ಮನಿಯ ವುರ್ಟೆಂಬರ್ಗ್‌ನ ಲೂಥರನ್ ಭಕ್ತಿಪಂಥದಲ್ಲೂ ಸ್ವಿಟ್ಜರ್ಲೆಂಡಿನ ಸುಧಾರಿತ 
ಸಭೆಗಳಲ್ಲೂ ಇತ್ತು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಪ್ರಕಟಿಸಿದ ಲೂಥರನ್ ಪಾದ್ರಿಯ ಮಗ ಫರ್ಡಿನಂಡ್ ಕಿಟೆಲ್, ಇಬ್ಬರೂ ಈ ಮಿಷನ್‌ನವರು. ಕೃಪೆಯನ್ನು ಸಾರಲು ಬಂದ ಮಿಷನ್ ತನ್ನ ಸಭೆಯವರಿಗೆ ಕಟ್ಟುನಿಟ್ಟಿನ ಶಿಸ್ತು ವಿಧಿಸಿತು ಎಂಬುದು ಗಮನಿಸಬೇಕಾದ ಸಂಗತಿ, ಭೂತಾರಾಧನೆಗೆ ಹೋಗುವಂತಿರಲಿಲ್ಲ. ಆಚರಣೆ ಬಿಡಿ ಎನ್ನುವವರಿಗೂ ಕೆಲವು ಆಚರಣೆಗಳು ಬೇಕಾಗುತ್ತವೆ.

ಇಂದಿಗೂ ಕನ್ನಡ ಪ್ರಾಟೆಸ್ಟಂಟರು ಹೆಚ್ಚಾಗಿ ‘ಕೃಪೆ’ ಎನ್ನುವಲ್ಲಿ ಕನ್ನಡ ಕ್ಯಾಥೊಲಿಕರು ‘ವರಪ್ರಸಾದ’ ಎನ್ನುತ್ತಾರೆ. ಎರಡೂ ಈ ನೆಲದ ಪದಗಳೇ. ಆ ಪದಗಳ ಹಿಂದಿನ ಪ್ರಶ್ನೆಯೂ ಈ ನೆಲಕ್ಕೆ ಹೊಸದಲ್ಲ. ಮರಿಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ದೇವರ ಕೃಪೆ ಯಾವ ರೀತಿಯದು ಎಂಬ ಬಗ್ಗೆ ಶ್ರೀವೈಷ್ಣವರಲ್ಲಿ ವಡಗಲೈ, ತೆಂಗಲೈ ಎಂಬ ಎರಡು ಪಂಥಗಳೇ ಇವೆ. ಜರ್ಮನಿಯ ಲೂಥರನ್ ವಿದ್ವಾಂಸ ರುಡಾಲ್ಫ್ ಆಟೊ ಇದನ್ನು ಕಂಡು ಬೆರಗಾಗಿ, ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ಹೋಲಿಸಿ 1930ರಲ್ಲಿ ಪುಸ್ತಕ ಪ್ರಕಟಿಸಿದರು. ಎರಡೂ ಒಂದೇ ಎಂದು ಅವರು ಹೇಳಲಿಲ್ಲ. ಒಂದು ಕಡೆ ಸಂಸಾರಬಂಧನದಿಂದ ಬಿಡುಗಡೆ, ಇನ್ನೊಂದು ಕಡೆ ಅಪರಾಧಪ್ರಜ್ಞೆಗೆ ಕ್ಷಮೆ ಎಂದು ವ್ಯತ್ಯಾಸ ಗುರುತಿಸಿದರು.

482 ವರ್ಷಗಳ ನಂತರ

1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ, ಫುಗ್ಗರ್‌ಗಳ ಅದೇ ಊರಿನಲ್ಲಿ, ಲೂಥರನ್ ವಿಶ್ವ ಒಕ್ಕೂಟ ಮತ್ತು ಕ್ಯಾಥೊಲಿಕ್ ಚರ್ಚಿನ ಪ್ರತಿನಿಧಿಗಳು ಜಂಟಿ ಘೋಷಣೆಗೆ ಸಹಿ ಹಾಕಿದರು. ಮನುಷ್ಯ ದೇವರಿಗೆ ಒಪ್ಪಿಗೆಯಾಗುವುದು ತನ್ನ ಯೋಗ್ಯತೆಯಿಂದಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಲ್ಲಿ ಕೃಪೆಯಿಂದ ಮಾತ್ರ. ಆ ಕೃಪೆಯೇ ಸತ್ಕಾರ್ಯಕ್ಕೆ ಪ್ರೇರಣೆ ಎಂಬುದು ಎರಡೂ ಕಡೆಯವರು ಒಪ್ಪಿದ ಸಾರಾಂಶ. ಹದಿನಾರನೇ ಶತಮಾನದ ಖಂಡನೆಗಳು ಈ ಘೋಷಣೆಯಲ್ಲಿ ವಿವರಿಸಿರುವ ಇಂದಿನ ಬೋಧನೆಗೆ ಅನ್ವಯಿಸುವುದಿಲ್ಲ ಎಂದೂ ಒಪ್ಪಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ವಿಟನ್‌ಬರ್ಗ್‌ನಲ್ಲಿ ಸುಧಾರಿತ ಸಭೆಗಳ ಒಕ್ಕೂಟದವರು ಇದಕ್ಕೆ ಸೇರಿಕೊಂಡರು. 2016ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಮತಸುಧಾರಣೆಯ 500ನೇ ವರ್ಷದ ಆರಾಧನೆಯಲ್ಲಿ ಪೋಪ್ ಫ್ರಾನ್ಸಿಸ್ ಪಾಲ್ಗೊಂಡರು.

ಎಲ್ಲರಿಗೂ ಇದು ಸಮಾಧಾನ ತರಲಿಲ್ಲ. ಸಹಿಗೆ ಮುನ್ನವೇ ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟಂಟ್ ದೇವತಾಶಾಸ್ತ್ರಜ್ಞರು, ಭಿನ್ನಾಭಿಪ್ರಾಯವನ್ನು ಮಾತಿನಲ್ಲಿ ಮುಚ್ಚಲಾಗಿದೆ ಎಂದು ವಿರೋಧಿಸಿದ್ದರು. ಕ್ಷಮಾಪಣೆಯ ಪದ್ಧತಿ ಕ್ಯಾಥೊಲಿಕ್ ಚರ್ಚಿನಲ್ಲಿ ಹಣದ ನಂಟಿಲ್ಲದೆ ಮುಂದುವರಿದಿದೆ. 2000 ಮತ್ತು 2025ರ ಜುಬಿಲಿ ವರ್ಷಗಳಲ್ಲೂ ಅದನ್ನು ಸಾರಲಾಯಿತು. ಒಂದೇ ಬಲಿಪೀಠದಲ್ಲಿ ಪ್ರಭುಭೋಜನ ಸ್ವೀಕರಿಸುವ ಮಟ್ಟಿಗೆ ಎರಡು ಸಭೆಗಳು ಇನ್ನೂ ಒಂದಾಗಿಲ್ಲ. ಅಂತಿಯೋಕ್ಯದ ಪಂಕ್ತಿಯ ಪ್ರಶ್ನೆ ಬೇರೆ ರೂಪದಲ್ಲಿ ಉಳಿದಿದೆ.

ಹರಕೆ ಹೊತ್ತು ಸನ್ಯಾಸಿಯಾದ ಯುವಕ 1546ರ ಫೆಬ್ರುವರಿ 18ರಂದು, ತಾನು ಹುಟ್ಟಿದ ಐಸ್‌ಲೆಬನ್ ಊರಿನಲ್ಲೇ ತೀರಿಕೊಂಡ. ಅಷ್ಟು ಹೊತ್ತಿಗೆ ಅವನ ಬರಹಗಳು ಸಂಪುಟಗಟ್ಟಲೆ ಇದ್ದವು, ಜಗಳಗಳೂ ಅಷ್ಟೇ ಇದ್ದವು. ಸಾವಿನ ನಂತರ ಅವನ ಬಳಿ ಒಂದು ಚೀಟಿ ಸಿಕ್ಕಿತು. ಎರಡು ದಿನ ಮೊದಲು ಬರೆದದ್ದು. ಬೈಬಲ್ಲನ್ನು ಪೂರ್ತಿ ಅರಿತವರು ಯಾರೂ ಇಲ್ಲ ಎಂದು ಹೇಳಿ, ಕೊನೆಯಲ್ಲಿ ಮನುಷ್ಯರೆಲ್ಲ ಬೇಡುವವರೇ, ಇದು ನಿಜ ಎಂಬ ಅರ್ಥದ ಮಾತನ್ನು ಅರ್ಧ ಜರ್ಮನ್‌ನಲ್ಲಿ, ಅರ್ಧ ಲ್ಯಾಟಿನ್‌ನಲ್ಲಿ ಬರೆದಿದ್ದ.